ದೀಪ ತೋರುವುದು ರೋಗವನ್ನಲ್ಲ, ಲಕ್ಷಣವನ್ನು

ಮಗುವಿಗೆ ಜ್ವರವಿದೆ ಎಂದು ಥರ್ಮಾಮೀಟರ್ ಹೇಳುತ್ತದೆ. ಅದು ಶೀತದಿಂದ ಬಂದದ್ದೋ, ಮಲೇರಿಯವೋ, ಟೈಫಾಯ್ಡೋ ಎಂದು ಹೇಳುವುದಿಲ್ಲ. ಅದನ್ನು ಕಂಡುಹಿಡಿಯುವುದು ವೈದ್ಯರ ಕೆಲಸ. ವಾಹನದ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಆಕೃತಿ ತಳೆದು ಹಳದಿಯಾಗಿ ಹೊತ್ತಿಕೊಳ್ಳುವ ‘ಚೆಕ್ ಎಂಜಿನ್’ ದೀಪವೂ ಅಂಥದೇ ಒಂದು ಥರ್ಮಾಮೀಟರ್. ಇದನ್ನು ಮರೆತವರು ಒಂದಾದ ಮೇಲೊಂದು ಬಿಡಿಭಾಗ ಬದಲಿಸುತ್ತ ಹೋಗುತ್ತಾರೆ. ಹಣ ಹೋಗುತ್ತದೆ, ದೀಪ ಮಾತ್ರ ಹೋಗುವುದಿಲ್ಲ.

ಹೊಗೆಯಿಂದ ಹುಟ್ಟಿದ ದೀಪ

ಈ ದೀಪದ ಕಥೆ ಅಮೆರಿಕದ್ದು. ಲಾಸ್ ಏಂಜಲೀಸ್ ನಗರವನ್ನು ಮುಸುಕುತ್ತಿದ್ದ, ಕಣ್ಣುರಿಸುವ ಹೊಗೆಮಂಜಿಗೆ ವಾಹನಗಳು ಉಗುಳುವ ಅನಿಲಗಳ ಮೇಲೆ ಬಿಸಿಲು ನಡೆಸುವ ರಾಸಾಯನಿಕ ಕ್ರಿಯೆಯೇ ಕಾರಣ ಎಂದು ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಮುಂದೆ ಕ್ಯಾಲಿಫೋರ್ನಿಯ ರಾಜ್ಯ, ವಾಹನವು ತನ್ನ ದೋಷವನ್ನು ತಾನೇ ಪತ್ತೆ ಮಾಡಿ ಚಾಲಕನಿಗೆ ತಿಳಿಸಬೇಕು ಎಂಬ ನಿಯಮವನ್ನು 1988ರ ಮಾದರಿಗಳಿಂದ ಜಾರಿಗೆ ತಂದಿತು. 1996ರ ಮಾದರಿಗಳಿಂದ ಇದರ ಸುಧಾರಿತ ರೂಪವಾದ ‘ಒಬಿಡಿ-2’ ಇಡೀ ಅಮೆರಿಕದ ಕಾರುಗಳಿಗೂ ಲಘು ಟ್ರಕ್ಕುಗಳಿಗೂ ಕಡ್ಡಾಯವಾಯಿತು.

ಲಘು ಟ್ರಕ್ಕುಗಳಲ್ಲಿ ಅಲ್ಲಿನ ಪಿಕಪ್‌ಗಳೂ ಸೇರುತ್ತವೆ. ರೈತ, ಬಡಗಿ, ಸಂಸಾರಸ್ಥ ಎಲ್ಲರಿಗೂ ಅದೇ ವಾಹನ. ಸ್ಟೀರಿಂಗಿನ ಕೆಳಗೆ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಸ್ಕ್ಯಾನರ್ ಎಂಬ ಪುಟ್ಟ ಉಪಕರಣವನ್ನು ಅದಕ್ಕೆ ಜೋಡಿಸಿದರೆ ಎಂಜಿನ್ನಿನ ಕಂಪ್ಯೂಟರ್ ತಾನು ಕಂಡ ದೋಷವನ್ನು ಐದು ಅಕ್ಷರಾಂಕಗಳ ಸಂಕೇತದಲ್ಲಿ ಹೇಳುತ್ತದೆ.

ಉದಾಹರಣೆಗೆ ‘ಪಿ 0171’. ಇಲ್ಲಿ ‘ಪಿ’ ಎಂದರೆ ಎಂಜಿನ್ ಮತ್ತು ಗೇರುಗಳ ವಿಭಾಗ. ‘0’ ಎಂದರೆ ಎಲ್ಲ ತಯಾರಕರಿಗೂ ಸಮಾನವಾದ ಸಂಕೇತ. ‘1’ ಎಂದರೆ ಇಂಧನ ಮತ್ತು ಗಾಳಿಯ ಅಳತೆಗೆ ಸಂಬಂಧಿಸಿದ್ದು. ಕೊನೆಯ ಎರಡು ಅಂಕಿಗಳು ನಿರ್ದಿಷ್ಟ ದೋಷವನ್ನು ಹೇಳುತ್ತವೆ: ಎಂಜಿನ್ನಿನ ಒಂದನೇ ಪಾರ್ಶ್ವದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎಂಟು ಸಿಲಿಂಡರುಗಳ ಪೆಟ್ರೋಲ್ ಪಿಕಪ್ ಒಂದನ್ನು ಊಹಿಸಿಕೊಳ್ಳಿ. ನಾಲ್ಕು ಸಿಲಿಂಡರ್ ಎಡಕ್ಕೆ, ನಾಲ್ಕು ಬಲಕ್ಕೆ. ದೀಪ ಹೊತ್ತಿದೆ. ಸ್ಕ್ಯಾನರ್ ‘ಪಿ 0171’ ಮತ್ತು ‘ಪಿ 0174’ ಎಂಬ ಎರಡು ಸಂಕೇತ ತೋರಿಸುತ್ತದೆ. ಎರಡನೆಯದು ಇನ್ನೊಂದು ಪಾರ್ಶ್ವದಲ್ಲೂ ಅದೇ ದೂರು ಎನ್ನುತ್ತದೆ. ಈ ಸುದ್ದಿ ಕೊಟ್ಟದ್ದು ಹೊಗೆ ಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರುಗಳು. ಅವಸರದ ಮೆಕ್ಯಾನಿಕ್ ಆ ಸೆನ್ಸರುಗಳನ್ನೇ ಬದಲಿಸುತ್ತಾನೆ. ನಾಲ್ಕು ದಿನದ ಮೇಲೆ ದೀಪ ಮತ್ತೆ ಹಾಜರ್! ಕೆಟ್ಟ ಸುದ್ದಿ ತಂದ ಅಂಚೆಯವನನ್ನು ಕೆಲಸದಿಂದ ತೆಗೆದರೆ ಸುದ್ದಿ ಸುಳ್ಳಾದೀತೆ?

ವಿಚಾರವಂತ ಮೆಕ್ಯಾನಿಕ್ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಎರಡೂ ಪಾರ್ಶ್ವಗಳಲ್ಲಿ ಒಂದೇ ದೋಷ ಕಂಡರೆ, ಎರಡೂ ಸೆನ್ಸರುಗಳು ಒಟ್ಟಿಗೆ ಕೆಡುವ ಸಂಭವ ಹೆಚ್ಚೋ, ಎರಡಕ್ಕೂ ಸಾಮಾನ್ಯವಾದ ಯಾವುದೋ ಒಂದು ಕೆಡುವ ಸಂಭವ ಹೆಚ್ಚೋ? ಉತ್ತರ ಸ್ಪಷ್ಟ. ಹುಡುಕಬೇಕಾದದ್ದು ಗಾಳಿಯ ದಾರಿಯಲ್ಲಿ, ಗಾಳಿ ಅಳೆಯುವ ಸೆನ್ಸರಿನಲ್ಲಿ, ಇಲ್ಲವೇ ಪೆಟ್ರೋಲ್ ಪಂಪಿನಲ್ಲಿ.

ಮುಂದಿನ ಹೆಜ್ಜೆಗೆ ಕಂಪ್ಯೂಟರೇ ಸುಳಿವು ಕೊಡುತ್ತದೆ. ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಈ ಪ್ರಮಾಣ ತಪ್ಪಿದಾಗ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚಿಸಿಯೋ ತಗ್ಗಿಸಿಯೋ ಸರಿದೂಗಿಸುತ್ತದೆ. ಎಷ್ಟು ಸರಿದೂಗಿಸಿತು ಎಂಬ ಲೆಕ್ಕವನ್ನು ‘ಫ್ಯುಯೆಲ್ ಟ್ರಿಮ್’ ಎನ್ನುತ್ತಾರೆ. ಈ ಪಿಕಪ್ ನಿಂತಲ್ಲೇ ಓಡುವಾಗ ಅದು ಶೇ 25 ಇದೆ, ಎಂಜಿನ್ ವೇಗವನ್ನು ನಿಮಿಷಕ್ಕೆ 2500 ಸುತ್ತಿಗೆ ಏರಿಸಿದರೆ ಶೇ 5ಕ್ಕೆ ಇಳಿಯುತ್ತದೆ ಎಂದುಕೊಳ್ಳಿ. ಇದರ ಅರ್ಥವೇನು?

ಎಲ್ಲೋ ಒಂದು ತೂತಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿದೆ. ಎಂಜಿನ್ ಮೆಲ್ಲಗೆ ಉಸಿರಾಡುವಾಗ ಆ ಕಳ್ಳಗಾಳಿಯ ಪಾಲು ದೊಡ್ಡದು. ಜೋರಾಗಿ ಉಸಿರಾಡತೊಡಗಿದರೆ ಅದೇ ಗಾಳಿ ಸಮುದ್ರದಲ್ಲಿ ಹುಣಸೆಹಣ್ಣು ಕದಡಿದಂತೆ. ಇದಕ್ಕೆ ಬದಲಾಗಿ, ಭಾರ ಎಳೆಯುವಾಗ ಅಂಕಿ ಏರಿದ್ದರೆ ಸಂಶಯ ಪೆಟ್ರೋಲ್ ಪಂಪಿನ ಕಡೆಗೋ, ಕೊಳೆಯಾದ ಗಾಳಿ ಸೆನ್ಸರಿನ ಕಡೆಗೋ ತಿರುಗುತ್ತಿತ್ತು.

ಈಗ ಹುಡುಕಾಟದ ಜಾಗ ಕಿರಿದಾಯಿತು. ಗಾಳಿಯ ಕೊಳವೆಯೊಳಕ್ಕೆ ಯಂತ್ರದಿಂದ ಹೊಗೆ ಹಾಯಿಸಿದರೆ ಸೋರುವ ಜಾಗದಿಂದ ಅದು ಹೊರಬರುತ್ತದೆ. ಎಷ್ಟೋ ಸಲ ಸಿಗುವುದು ಬಿಸಿಗೆ ಬಿರುಕು ಬಿಟ್ಟ ಒಂದು ರಬ್ಬರ್ ಕೊಳವೆ! ಅದರ ಬೆಲೆ ಸೆನ್ಸರಿನ ಬೆಲೆಯ ಮುಂದೆ ಏನೂ ಅಲ್ಲ.

ಆರಿಸಿದರೂ ಬರುವುದೇಕೆ?

ಸ್ಕ್ಯಾನರಿನಿಂದ ಸಂಕೇತ ಅಳಿಸಿದರೆ ದೀಪವೇನೋ ಆರುತ್ತದೆ. ಆದರೆ ಅನೇಕ ದೋಷಗಳನ್ನು ಕಂಪ್ಯೂಟರ್ ಸತತ ಎರಡು ಪ್ರಯಾಣಗಳಲ್ಲಿ ಕಂಡ ಮೇಲಷ್ಟೇ ದೀಪ ಹೊತ್ತಿಸುತ್ತದೆ. ‘ರಿಪೇರಿ ಆಯಿತು’ ಎಂದು ಗಾಡಿ ಮನೆಗೆ ತಂದ ಒಂದೆರಡು ದಿನಕ್ಕೆ ಅದು ಮರಳುವುದು ಇದರಿಂದಲೇ. ಅಳಿಸುವುದರಿಂದ ಇನ್ನೊಂದು ನಷ್ಟವಿದೆ. ದೋಷ ಕಂಡ ಕ್ಷಣದಲ್ಲಿ ಎಂಜಿನ್ನಿನ ವೇಗ, ಬಿಸಿ, ಭಾರ ಎಷ್ಟಿತ್ತೆಂದು ಬರೆದಿಟ್ಟ ಸಾಕ್ಷ್ಯವೂ ಅಳಿಯುತ್ತದೆ. ನಿಜವಾಗಿ ದೋಷ ಹೋಗಿದ್ದರೆ ಸಾಮಾನ್ಯವಾಗಿ ಮೂರು ಸ್ವಚ್ಛ ಪ್ರಯಾಣಗಳ ನಂತರ ದೀಪ ತಾನಾಗಿಯೇ ಆರುತ್ತದೆ.

ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ ತಿಳಿದಿರಬೇಕು. ದೀಪ ಸ್ಥಿರವಾಗಿ ಉರಿಯುತ್ತಿದ್ದು, ಎಂಜಿನ್ ಸರಿಯಾಗಿ ಓಡುತ್ತಿದ್ದು, ಬೇರೆ ಎಚ್ಚರಿಕೆ ಇಲ್ಲದಿದ್ದರೆ ನಿಧಾನವಾಗಿ ವರ್ಕ್‌ಶಾಪಿಗೆ ಹೋಗಬಹುದು. ಪೆಟ್ರೋಲ್ ಗಾಡಿಯಲ್ಲಿ ಅದು ಮಿನುಗತೊಡಗಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಉರಿಯದ ಪೆಟ್ರೋಲ್ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ, ಅಲ್ಲಿ ಉರಿದು, ಆ ದುಬಾರಿ ಭಾಗವನ್ನೇ ಸುಟ್ಟುಹಾಕಬಲ್ಲದು. ಆಗ ವೇಗ ಇಳಿಸಿ, ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸುವುದೇ ಸರಿ.

ವಿದ್ಯಾರ್ಥಿಗಳಿಗೆ, ಪಾಲಕರಿಗೆ

2020ರ ಏಪ್ರಿಲ್ 1ರಿಂದ ಭಾರತದಲ್ಲಿ ಭಾರತ್ ಸ್ಟೇಜ್-6 ನಿಯಮ ಜಾರಿಗೆ ಬಂದ ಮೇಲೆ ತರಕಾರಿ, ಹಾಲು ಸಾಗಿಸುವ ಪಿಕಪ್‌ಗಳೂ ಇಂಥ ಕಂಪ್ಯೂಟರ್ ಕಾವಲಿನಲ್ಲಿ ಓಡುತ್ತಿವೆ. ಇಲ್ಲಿ ಡೀಸೆಲ್ ಎಂಜಿನ್ನುಗಳೇ ಹೆಚ್ಚಾದ್ದರಿಂದ ದೂರುಗಳು ಬೇರೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುವುದು ಅವುಗಳಲ್ಲೊಂದು. ಆದರೆ ವಿಚಾರದ ದಾರಿ ಒಂದೇ.

ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಪಡೆಯುವ ಹುಡುಗ ಹುಡುಗಿಯರು ಗಮನಿಸಬೇಕಾದದ್ದು ಇದನ್ನೇ. ಸಂಕೇತ ಓದುವುದು ಐದು ನಿಮಿಷದ ವಿದ್ಯೆ. ಶಾಲೆಯಲ್ಲಿ ಕಲಿತ ಗಾಳಿಯ ಒತ್ತಡ, ಶೇಕಡಾವಾರು ಲೆಕ್ಕ, ವಿದ್ಯುತ್ ಮಂಡಲಗಳನ್ನು ಒಂದುಗೂಡಿಸಿ ‘ಹೀಗಿದ್ದರೆ ಹಾಗಾಗಬೇಕು’ ಎಂದು ಯೋಚಿಸಿ, ಪರೀಕ್ಷಿಸಿ ನೋಡುವುದು ನಿಜವಾದ ಕಸುಬು. ಗಾಡಿಯ ದುಡಿಮೆಯಿಂದಲೇ ಶಾಲೆಯ ಫೀಸು ಕಟ್ಟುವ ಮನೆಗಳಿಗೆ ಇಂಥ ಮೆಕ್ಯಾನಿಕ್ ಬೇಕು.

ಪಾಲಕರು ಕೂಡ ವರ್ಕ್‌ಶಾಪಿನಲ್ಲಿ ಮೂರು ಪ್ರಶ್ನೆ ಕೇಳಲು ಸಂಕೋಚಪಡಬೇಕಿಲ್ಲ. ಬಂದ ಸಂಕೇತ ಯಾವುದು? ಈ ಭಾಗವೇ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ತಿಳಿಯಿತು? ರಿಪೇರಿಯ ನಂತರ ಅದೇ ಪರೀಕ್ಷೆ ಮಾಡಿ ನೋಡಿದ್ದೀರಾ? ಎರಡನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಹೊಸ ಭಾಗಕ್ಕೆ ಹಣ ಕೊಡುವ ಮುನ್ನ ಇನ್ನೊಬ್ಬರನ್ನು ವಿಚಾರಿಸುವುದು ಮೇಲು.