ಹಿತ್ತಲಿನಲ್ಲೊಂದು ಒಂದೆಲಗದ ಮಡಿ

ತಂಬುಳಿ, ಚಟ್ನಿಗೆ ಬೇಕಾದ ಒಂದೆಲಗವನ್ನು ನೀವು ಗದ್ದೆಯ ಬದುವಿನಿಂದಲೋ ಕಾಲುವೆಯ ಅಂಚಿನಿಂದಲೋ ಕಿತ್ತು ತರುತ್ತಿರಬಹುದು. ಆದರೆ ಇದು ಹಸಿಯಾಗಿ ತಿನ್ನುವ ಸೊಪ್ಪು. ಬದುವಿಗೆ ಕಳೆನಾಶಕ ಸಿಂಪಡಿಸಿದ್ದರೆ ಅಥವಾ ಕಾಲುವೆಗೆ ಕೊಳಚೆ ಸೇರುತ್ತಿದ್ದರೆ ಅದರ ಅಂಶ ನೇರವಾಗಿ ಊಟಕ್ಕೆ ಬರುತ್ತದೆ. ತೊಳೆದರೂ ಪೂರ್ತಿ ಹೋಗದು. ಆದ್ದರಿಂದ ಹಿತ್ತಲಿನಲ್ಲಿಯೇ ಬೆಳೆದುಕೊಳ್ಳುವುದು ಕ್ಷೇಮ.

ಒಂದೆಲಗವು ಕೊತ್ತಂಬರಿಯ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ನೆಲದ ಮೇಲೆ ಹಬ್ಬುವ ಕುಡಿಗಳು ಗೆಣ್ಣುಗೆಣ್ಣಿಗೂ ಬೇರು ಬಿಡುವುದರಿಂದ ಒಮ್ಮೆ ನೆಟ್ಟರೆ ಹಲವು ವರ್ಷ ಸೊಪ್ಪು ದೊರೆಯುತ್ತದೆ.

ಸ್ಥಳ: ತೆಂಗು, ಬಾಳೆಗಳ ಅರೆನೆರಳು ಉತ್ತಮ. ಬಚ್ಚಲ ನೀರು ಹರಿಯುವ ಜಾಗ ಬೇಡ.

ನಾಟಿ: ಮಳೆಗಾಲದ ಆರಂಭದಲ್ಲಿ 1 ಮೀ. ಅಗಲ, 2 ಮೀ. ಉದ್ದದ ಮಡಿ ಮಾಡಿ, ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿರಿ. ಹಸಿ ಸಗಣಿ ಹಾಕಬೇಡಿ. ಬೇರು ಬಿಟ್ಟ ಕುಡಿಗಳನ್ನು 20 ಸೆಂ.ಮೀ. ಅಂತರದಲ್ಲಿ ನೆಡಿರಿ. ಕಳೆಯನ್ನು ಕೈಯಿಂದ ಕೀಳಿರಿ. ಬೇಸಿಗೆಯಲ್ಲಿ ಮಣ್ಣಿನ ತೇವ ಆರದಂತೆ ಶುದ್ಧ ನೀರು ಕೊಡಿರಿ.

ಕೊಯ್ಲು: ಎರಡು ಮೂರು ತಿಂಗಳಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ. ಗಿಡವನ್ನು ಬೇರುಸಹಿತ ಕೀಳದೆ, ಬಲಿತ ಎಲೆಗಳನ್ನು ಮಾತ್ರ ತೊಟ್ಟಿನೊಡನೆ ಚಿವುಟಿರಿ. ಉಳಿದ ಕುಡಿಗಳು ಮತ್ತೆ ಚಿಗುರುತ್ತವೆ. ಮಡಿ ಒತ್ತಾದಾಗ ನಾಲ್ಕು ಕುಡಿಗಳನ್ನು ನೆರೆಮನೆಯವರಿಗೂ ಕೊಡಿರಿ.