ಜೀವಾವಧಿ ಕೈದಿಯ ಅರ್ಜಿ ಮತ್ತು ನ್ಯಾಯಾಲಯ



‘ಸನ್ನಡತೆಯ ಆಧಾರದ ಮೇಲೆ ಕೈದಿಗಳ ಬಿಡುಗಡೆ’ ಎಂಬ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಹೊರಬಂದವರ ಸಂಖ್ಯೆ ಅಲ್ಲಿರುತ್ತದೆ. ಅರ್ಜಿ ತಿರಸ್ಕೃತವಾಗಿ ಒಳಗೇ ಉಳಿದವರು ಯಾರ ಬಾಗಿಲು ತಟ್ಟಬೇಕು? ಈ ಪ್ರಶ್ನೆಯನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಎರಡು ಮಾತು ಸ್ಪಷ್ಟವಾಗಲಿ. ಪೆರೋಲ್ ಎಂದರೆ ನಮ್ಮಲ್ಲಿ ಮನೆಯ ಸಾವು, ಮದುವೆ, ಕಾಯಿಲೆಯಂಥ ಕಾರಣಕ್ಕೆ ಸಿಗುವ ಕೆಲದಿನಗಳ ರಜೆ. ಅವಧಿ ಮುಗಿದೊಡನೆ ಕೈದಿ ಹಿಂತಿರುಗಬೇಕು. ಅವಧಿಪೂರ್ವ ಬಿಡುಗಡೆ ಎಂದರೆ ಉಳಿದ ಶಿಕ್ಷೆಯನ್ನೇ ಸರ್ಕಾರ ಮನ್ನಾ ಮಾಡುವುದು. ಕೆಲವು ದೇಶಗಳಲ್ಲಿ ಷರತ್ತಿನ ಮೇಲೆ ಶಿಕ್ಷೆ ಮುಗಿಯುವ ಮುನ್ನವೇ ಬಿಡುವುದನ್ನೂ ಪೆರೋಲ್ ಎನ್ನುತ್ತಾರೆ.

‘ಜೀವಾವಧಿ ಎಂದರೆ 14 ವರ್ಷ’ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಜೀವಾವಧಿ ಎಂದರೆ ಜೀವವಿರುವವರೆಗೆ ಎಂದು ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1961ರಲ್ಲಿಯೇ ಹೇಳಿತು. ಕೊಲೆಯಂಥ, ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಗಳಲ್ಲಿ ಜೀವಾವಧಿ ಕೈದಿ ಕನಿಷ್ಠ 14 ವರ್ಷ ಸೆರೆಯಲ್ಲಿ ಕಳೆಯಲೇಬೇಕೆಂಬ ನಿಯಮ 1978ರಲ್ಲಿ ಬಂತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಮಿನಲ್ಲಿದೆ. ಅಂದರೆ 14 ವರ್ಷ ತುಂಬಿದರೆ ಪರಿಶೀಲನೆಗೆ ಅವಕಾಶ ಉಂಟೇ ಹೊರತು ಬಿಡುಗಡೆಯ ಖಾತರಿ ಇಲ್ಲ.

ಮನ್ನಾ ಮಾಡುವ ಅಧಿಕಾರ ಸರ್ಕಾರದ್ದು. ಆದರೆ ಅದು ಮನಬಂದಂತೆ ಬಳಸುವ ಅಧಿಕಾರವಲ್ಲ. ಸಂವಿಧಾನದ 14ನೇ ವಿಧಿಯ ಸಮಾನತೆ ಕೈದಿಗೂ ಅನ್ವಯಿಸುತ್ತದೆ. ಅವನು 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ವಕೀಲರನ್ನಿಡಲು ಹಣವಿಲ್ಲವೆ? ಸೆರೆಯಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಉಚಿತ ನೆರವು ದೊರೆಯುತ್ತದೆ.

ನ್ಯಾಯಾಲಯ ಏನನ್ನು ನೋಡುತ್ತದೆ? ಸಾಮಾನ್ಯವಾಗಿ ಅದು ತಾನೇ ಬಿಡುಗಡೆ ಮಾಡುವುದಿಲ್ಲ. ಸರ್ಕಾರ ತೀರ್ಮಾನಿಸಿದ ಬಗೆಯನ್ನು ಪರೀಕ್ಷಿಸುತ್ತದೆ. ಅಪರಾಧ ಇಡೀ ಸಮಾಜವನ್ನು ತಟ್ಟಿತೆ, ಅದು ಮರುಕಳಿಸೀತೆ, ಅಪರಾಧ ಮಾಡುವ ಶಕ್ತಿ ಕೈದಿಯಲ್ಲಿ ಉಳಿದಿದೆಯೆ, ಇನ್ನೂ ಸೆರೆಯಲ್ಲಿಡುವುದರಿಂದ ಪ್ರಯೋಜನವಿದೆಯೆ, ಕುಟುಂಬದ ಸ್ಥಿತಿ ಹೇಗಿದೆ – ಈ ಐದು ಅಂಶಗಳನ್ನು ಸುಪ್ರೀಂ ಕೋರ್ಟು 2000ರಲ್ಲಿ ಗುರುತಿಸಿತು.

ಬಿಹಾರದ ಒಂದು ಉದಾಹರಣೆ ನೋಡಿ. ಸುಮಾರು 24 ವರ್ಷ ಸೆರೆಯಲ್ಲಿದ್ದವನ ಅರ್ಜಿ ಮುಖ್ಯವಾಗಿ ನ್ಯಾಯಾಧೀಶರ ಪ್ರತಿಕೂಲ ವರದಿಯಿಂದ ತಿರಸ್ಕೃತವಾಗಿತ್ತು. ಆ ವರದಿಯೊಂದನ್ನೇ ಯಾಂತ್ರಿಕವಾಗಿ ಅನುಸರಿಸಬಾರದು, ಸೆರೆಮನೆಯಲ್ಲಿ ಅವನು ಹೇಗೆ ಬದಲಾದನೆಂಬುದನ್ನೂ ನೋಡಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟು ಮರುಪರಿಶೀಲನೆಗೆ ಆದೇಶಿಸಿತು. ಇದರ ತರ್ಕ ಸರಳ. ನಡೆದ ಅಪರಾಧ ಎಂದಿಗೂ ಬದಲಾಗದು. ಅದೊಂದೇ ಕಾರಣವಾದರೆ ಪ್ರತಿ ಅರ್ಜಿಗೂ ಅದೇ ಉತ್ತರ. ಆಗ ಪರಿಶೀಲನೆ ಎಂಬ ಮಾತಿಗೆ ಅರ್ಥವೇ ಉಳಿಯದು.

ತಕ್ಕಡಿಗೆ ಇನ್ನೊಂದು ತಟ್ಟೆಯೂ ಉಂಟು. ಗುಜರಾತ್ ಸರ್ಕಾರ ಬಿಟ್ಟಿದ್ದ 11 ಅಪರಾಧಿಗಳ ಮನ್ನಾ ಆದೇಶವನ್ನು, ಅಲ್ಲಿನ ಸರ್ಕಾರಕ್ಕೆ ಆ ಅಧಿಕಾರವೇ ಇರಲಿಲ್ಲವೆಂದು, ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ರದ್ದುಪಡಿಸಿತು. ನೊಂದ ಮಹಿಳೆಯೇ ಅಲ್ಲಿ ಅರ್ಜಿದಾರಳಾಗಿದ್ದಳು. ನ್ಯಾಯಾಲಯದ ಬಾಗಿಲು ಇಬ್ಬರಿಗೂ ತೆರೆದಿದೆ.

ತಿರಸ್ಕಾರದ ಕಾರಣವನ್ನು ಬರೆಯಬೇಕು, ಕೈದಿಗೆ ತಿಳಿಸಬೇಕು, ಅದನ್ನು ಪ್ರಶ್ನಿಸುವ ಹಕ್ಕಿದೆಯೆಂದೂ ಹೇಳಬೇಕು ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಬಿಡುಗಡೆ ಕೈದಿಯ ಹಕ್ಕಲ್ಲ. ಆದರೆ ನ್ಯಾಯವಾದ ಪರಿಶೀಲನೆ ಅವನ ಹಕ್ಕು. ಈ ಎರಡರ ನಡುವಿನ ಅಂತರವೇನೆಂದು ನಿಮ್ಮ ತರಗತಿಯಲ್ಲಿ ಚರ್ಚಿಸಿ ನೋಡಿ.