ರಿಫರ್ಬಿಶ್ಡ್ ಲ್ಯಾಪ್‌ಟಾಪ್, ಮೊಬೈಲ್ ಕೊಳ್ಳುವ ಮುನ್ನ

ಜುಮಾ ನಮಾಝ್ ಮುಗಿಸಿ ಮಸ್ಜಿದ್‌ನ ಮೆಟ್ಟಿಲಿಳಿಯುತ್ತಿದ್ದೆ. ನಮ್ಮ ಮೊಹಲ್ಲಾದಲ್ಲಿ ಆಟೋ ಓಡಿಸುವ ಸಹೋದರರೊಬ್ಬರು ಬ್ಯಾಗ್ ಹಿಡಿದು ಕಾದಿದ್ದರು. ಸಲಾಮ್ ಹೇಳಿ, "ಭಾಯ್, ಇದು ಮಗಳ ಲ್ಯಾಪ್‌ಟಾಪ್. ಆನ್ ಮಾಡಿದರೆ ಯಾವುದೋ ಕಂಪೆನಿ ಹೆಸರು ಬರುತ್ತೆ, ಅವರ ಪಾಸ್‌ವರ್ಡ್ ಕೇಳುತ್ತೆ. ಕಾಲೇಜಲ್ಲಿ ನೋಡಿದ ಹುಡುಗಿಯರು ಕದ್ದ ಮಾಲು ಅಂದರಂತೆ. ಎರಡು ದಿನದಿಂದ ಅವಳು ಕಾಲೇಜಿಗೇ ಹೋಗಿಲ್ಲ" ಎಂದರು.

ಬಿಸಿಎ ಮೊದಲ ವರ್ಷ ಸೇರಿದ ಮಗಳಿಗಾಗಿ ಆನ್‌ಲೈನ್‌ನಲ್ಲಿ ಒಬ್ಬ ಸಣ್ಣ ವ್ಯಾಪಾರಿಯಿಂದ 19,000 ರೂಪಾಯಿಗೆ ಕೊಂಡ ರಿಫರ್ಬಿಶ್ಡ್ ಲ್ಯಾಪ್‌ಟಾಪ್ ಅದು. ಹೊಸದನ್ನು ಕೊಳ್ಳಬೇಕಿದ್ದರೆ ಸಾಲ ಮಾಡಬೇಕಿತ್ತು. ಸಾಲ ಬೇಡವೆಂದು ಕೂಡಿಟ್ಟ ಹಣದಲ್ಲಿ ಹಳೆಯದನ್ನು ತಂದಿದ್ದರು. ಬಂದಾಗ ಚೆನ್ನಾಗಿಯೇ ಇತ್ತು. ಹನ್ನೆರಡನೇ ದಿನ ಸ್ವಲ್ಪ ನಿಧಾನವಾಯಿತೆಂದು ಮಗಳು ಅದನ್ನು ರೀಸೆಟ್ ಮಾಡಿದಳು. ಮತ್ತೆ ಆನ್ ಮಾಡಿ ವೈಫೈ ಕೊಟ್ಟ ಕೂಡಲೇ ಆ ಕಂಪೆನಿಯ ಹೆಸರು ಕಾಣಿಸಿಕೊಂಡಿತು. ವ್ಯಾಪಾರಿಗೆ ಫೋನ್ ಮಾಡಿದರೆ, "ವಾಪಸಿಗೆ ಏಳು ದಿನ ಮಾತ್ರ" ಎಂಬ ಉತ್ತರ.

ಈ ಕಥೆ ಎಲ್ಲಿಗೆ ಮುಟ್ಟಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳ ಓದಿಗೆ ಇಂಥ ಸಾಧನಗಳನ್ನು ಕೊಳ್ಳುತ್ತಿದ್ದಾರೆ. ಕೊಳ್ಳುವುದು ತಪ್ಪಲ್ಲ, ಹಣ ಉಳಿಯುತ್ತದೆ, ಕಸವೂ ಕಡಿಮೆಯಾಗುತ್ತದೆ. ಆದರೆ ಏನನ್ನು ನೋಡಿ ಕೊಳ್ಳಬೇಕು ಎಂಬುದು ತಿಳಿದಿರಬೇಕು.

ರಿಫರ್ಬಿಶ್ಡ್ ಎಂದರೇನು?

ಒಮ್ಮೆ ಬಳಸಿದ ಅಥವಾ ಗ್ರಾಹಕರಿಂದ ವಾಪಸು ಬಂದ ಸಾಧನವನ್ನು ಪರೀಕ್ಷಿಸಿ, ಕೆಟ್ಟ ಭಾಗ ಬದಲಿಸಿ, ಸ್ವಚ್ಛಗೊಳಿಸಿ ಮತ್ತೆ ಮಾರುವುದು ರಿಫರ್ಬಿಶ್ಡ್. ಬರೀ 'ಸೆಕೆಂಡ್ ಹ್ಯಾಂಡ್' ಎಂದರೆ ಇದ್ದದ್ದು ಇದ್ದ ಹಾಗೆ. ಮಾತಿನಲ್ಲಿ ಈ ವ್ಯತ್ಯಾಸ ದೊಡ್ಡದು. ಆದರೆ ಒರೆಸಿ ಹೊಸ ಪೆಟ್ಟಿಗೆಗೆ ಹಾಕಿದ್ದನ್ನೇ ರಿಫರ್ಬಿಶ್ಡ್ ಎನ್ನುವವರೂ ಇದ್ದಾರೆ. 'ಎ ಗ್ರೇಡ್', 'ಬಿ ಗ್ರೇಡ್' ಎಂಬುದು ಸಾಮಾನ್ಯವಾಗಿ ಆಯಾ ವ್ಯಾಪಾರಿಯ ಸ್ವಂತ ಅಳತೆ, ಹೆಚ್ಚಾಗಿ ಅದು ಹೊರಗಿನ ಗೀರುಗಳ ಲೆಕ್ಕ. ಒಳಗಿನ ಬ್ಯಾಟರಿ, ಡಿಸ್ಕ್ ಹೇಗಿದೆ ಎಂದು ಅದು ಹೇಳುವುದಿಲ್ಲ. ಆದ್ದರಿಂದ ಮೊದಲ ಪ್ರಶ್ನೆ: "ಏನೇನು ಪರೀಕ್ಷಿಸಿದ್ದೀರಿ, ಏನೇನು ಬದಲಿಸಿದ್ದೀರಿ?" ಉತ್ತರವನ್ನು ಬರಹದಲ್ಲಿ, ಕನಿಷ್ಠ ವಾಟ್ಸ್ಆಪ್ ಸಂದೇಶದಲ್ಲಾದರೂ ಪಡೆಯಿರಿ.

ಮಾರುವವರು ಯಾರು?

ಸಣ್ಣ ವ್ಯಾಪಾರಿ ಎಂದ ಮಾತ್ರಕ್ಕೆ ಸಂಶಯ ಪಡಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಿರಿದಾದ ಅಂಗಡಿಗಳಲ್ಲಿ ಪ್ರಾಮಾಣಿಕವಾಗಿ ದುಡಿಯುವವರು ಬಹಳ. ಆದರೆ ಆನ್‌ಲೈನ್‌ನಲ್ಲಿ ಅಂಗಡಿಯ ಬಾಗಿಲು ನಮಗೆ ಕಾಣುವುದಿಲ್ಲ. ಆದ್ದರಿಂದ ಹೆಸರು, ಪೂರ್ಣ ವಿಳಾಸ, ಫೋನ್ ನಂಬರ್ ಇದೆಯೇ ನೋಡಿ. ಇನ್‌ಸ್ಟಾಗ್ರಾಂ ಪುಟ ಮತ್ತು ಒಂದು ಮೊಬೈಲ್ ನಂಬರ್ ವಿಳಾಸವಲ್ಲ.

ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಅದು 15 ಅಕ್ಷರ-ಅಂಕಿಗಳದ್ದು, ಮೊದಲ ಎರಡು ಅಂಕಿ ರಾಜ್ಯದ ಸಂಕೇತ. ಕರ್ನಾಟಕದ್ದು 29. ಅಂಗಡಿ ಬೆಂಗಳೂರಿನದು ಎಂದು ಹೇಳಿ ಬೇರೆ ರಾಜ್ಯದ ನಂಬರ್ ಕೊಟ್ಟರೆ ಕಾರಣ ಕೇಳಿ. ತೀರಾ ಸಣ್ಣ ವ್ಯಾಪಾರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿರಬಹುದು, ಅದೊಂದೇ ದೋಷವಲ್ಲ. ಆದರೆ ಬಿಲ್ ಕೊಡಲೇಬೇಕು. ಬಿಲ್‌ನಲ್ಲಿ ಸಾಧನದ ಮಾದರಿ, ಸೀರಿಯಲ್ ನಂಬರ್ ಅಥವಾ ಐಎಂಇಐ ನಂಬರ್, ವಾರಂಟಿಯ ಅವಧಿ, ವಾಪಸಿನ ಷರತ್ತು ಬರೆದಿರಬೇಕು. "ವಾರಂಟಿ ಇದೆ" ಎಂದರೆ ಯಾರ ವಾರಂಟಿ ಎಂದು ಕೇಳಿ. ತಯಾರಕ ಕಂಪೆನಿಯ ವಾರಂಟಿ ಬೇರೆ, ಅಂಗಡಿಯವರ ವಾರಂಟಿ ಬೇರೆ. ಅಂಗಡಿಯವರದಾದರೆ ಕೊರಿಯರ್ ಖರ್ಚು ಯಾರದು ಎಂಬುದೂ ಮೊದಲೇ ತೀರ್ಮಾನವಾಗಲಿ.

ಲ್ಯಾಪ್‌ಟಾಪ್‌ನಲ್ಲಿ ನೋಡಬೇಕಾದದ್ದು

ಮೊದಲನೆಯದು ಪ್ರೊಸೆಸರ್‌ನ ತಲೆಮಾರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದು ಬೇಕು. ಅಗ್ಗವಾಗಿ ಸಿಗುವ ಹಲವು ಲ್ಯಾಪ್‌ಟಾಪ್‌ಗಳು 6 ಅಥವಾ 7ನೇ ತಲೆಮಾರಿನವು. ಗುರುತಿಸುವುದು ಸುಲಭ. 'ಐ5-6300ಯು' ಎಂದಿದ್ದರೆ ಗೆರೆಯ ನಂತರದ 6 ಎಂದರೆ ಆರನೇ ತಲೆಮಾರು. 'ಐ5-8250ಯು' ಎಂದರೆ ಎಂಟನೆಯದು. 10, 11 ಎಂದು ಶುರುವಾದರೆ ಹತ್ತು, ಹನ್ನೊಂದನೆಯದು. ಜಾಹೀರಾತಿನಲ್ಲಿ ಬರೀ "ಐ5 ಲ್ಯಾಪ್‌ಟಾಪ್" ಎಂದಿದ್ದರೆ ಪೂರ್ತಿ ಸಂಖ್ಯೆ ಕೇಳಿ.

ಎರಡನೆಯದು ಬ್ಯಾಟರಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್' ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಒಂದು ವರದಿ ಸಿದ್ಧವಾಗುತ್ತದೆ. ಅದರಲ್ಲಿ ಬ್ಯಾಟರಿ ಹೊಸದಿದ್ದಾಗಿನ ಸಾಮರ್ಥ್ಯವೂ ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯವೂ ಇರುತ್ತವೆ. 50,000 ಇದ್ದದ್ದು 25,000ಕ್ಕೆ ಇಳಿದಿದ್ದರೆ ಅರ್ಧ ಹೋಗಿದೆ ಎಂದೇ ಅರ್ಥ. ಈ ವರದಿಯ ಫೋಟೋವನ್ನು ಹಣ ಕೊಡುವ ಮೊದಲೇ ಕಳುಹಿಸಲು ಹೇಳಿ. ಪ್ರಾಮಾಣಿಕ ವ್ಯಾಪಾರಿಗೆ ಇದು ಎರಡು ನಿಮಿಷದ ಕೆಲಸ.

ಮೂರನೆಯದು ಬೀಗ. ನಮ್ಮ ಸಹೋದರರಿಗೆ ಆದದ್ದು ಇದೇ. ದೊಡ್ಡ ಕಂಪೆನಿಗಳು ನೌಕರರಿಗೆ ಕೊಡುವ ಲ್ಯಾಪ್‌ಟಾಪ್‌ಗಳನ್ನು ಮೈಕ್ರೋಸಾಫ್ಟ್‌ನಲ್ಲಿ ತಮ್ಮ ಹೆಸರಿಗೆ ನೋಂದಾಯಿಸಿರುತ್ತವೆ. ನಾಲ್ಕೈದು ವರ್ಷದ ನಂತರ ಅವನ್ನು ಗುತ್ತಾಗಿ ಮಾರಿದಾಗ ಆ ಪಟ್ಟಿಯಿಂದ ಹೆಸರು ತೆಗೆಯಬೇಕು. ಮರೆತರೆ, ಇಂಟರ್‌ನೆಟ್ ಇಲ್ಲದೆ ವಿಂಡೋಸ್ ಹಾಕಿದಾಗ ಏನೂ ಕಾಣದು. ರೀಸೆಟ್ ಮಾಡಿ ಇಂಟರ್‌ನೆಟ್ ಕೊಟ್ಟಾಗ ಹಳೆಯ ಒಡೆಯನ ಹೆಸರು ಹೊರಬರುತ್ತದೆ. ಹಾಗೆಂದು ಅದು ಕದ್ದದ್ದೇ ಎಂದಲ್ಲ. ಆದರೆ ಆ ಹೆಸರನ್ನು ತೆಗೆಯಬೇಕಾದವರು ಆ ಕಂಪೆನಿಯವರು, ನಾವಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಕೈಗೆ ಬಂದ ಮೊದಲ ದಿನವೇ ಒಮ್ಮೆ ಪೂರ್ತಿ ರೀಸೆಟ್ ಮಾಡಿ, ವೈಫೈ ಕೊಟ್ಟು ಶುರು ಮಾಡಿ ನೋಡಿ. ಆನ್ ಮಾಡುವಾಗ ಸೆಟಪ್ ಪುಟ, ಅಂದರೆ ಬಯಾಸ್, ಪಾಸ್‌ವರ್ಡ್ ಕೇಳುತ್ತದೆಯೇ ಎಂಬುದನ್ನೂ ಪರೀಕ್ಷಿಸಿ.

ಉಳಿದಂತೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಇರಲಿ. ಕೀಲಿಮಣೆಯ ಪ್ರತಿ ಗುಂಡಿ, ಕ್ಯಾಮೆರಾ, ಮೈಕ್, ಎಲ್ಲ ಯುಎಸ್‌ಬಿ ಕಿಂಡಿಗಳನ್ನು ಒಂದೊಂದಾಗಿ ನೋಡಿ.

ಮೊಬೈಲ್‌ನಲ್ಲಿ ನೋಡಬೇಕಾದದ್ದು

ಪ್ರತಿ ಮೊಬೈಲ್‌ಗೂ 15 ಅಂಕಿಗಳ ಐಎಂಇಐ ನಂಬರ್ ಇರುತ್ತದೆ. *#06# ಒತ್ತಿದರೆ ಕಾಣುತ್ತದೆ. ಎರಡು ಸಿಮ್ ಇದ್ದರೆ ಎರಡು ನಂಬರ್. ಹಣ ಕೊಡುವ ಮೊದಲೇ ಇದನ್ನು ಕೇಳಿ ಪಡೆದು, 'ಕೆವೈಎಂ' ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ತಾಣ ಮತ್ತು ಆಪ್‌ನಲ್ಲೂ ನೋಡಬಹುದು. ನಿರ್ಬಂಧಿತ, ನಕಲು ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ಕೊಳ್ಳಬೇಡಿ. ಕಳವಾದ ಮೊಬೈಲನ್ನು ಮಾಲೀಕರು ದೂರು ಕೊಟ್ಟು ದೇಶದ ಎಲ್ಲ ನೆಟ್‌ವರ್ಕ್‌ಗಳಲ್ಲಿ ತಡೆಯಬಹುದು. ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ತಿಳಿಯದೆ ಕೊಂಡವರೂ ಠಾಣೆ ಮೆಟ್ಟಿಲು ಹತ್ತಬೇಕಾಗುತ್ತದೆ, ಹಣವೂ ಮೊಬೈಲೂ ಎರಡೂ ಹೋಗಬಹುದು.

ಮೊಬೈಲ್ ಬಂದ ಮೇಲೆ ಬಿಲ್‌ನಲ್ಲಿರುವ ಐಎಂಇಐ, ಪರದೆಯಲ್ಲಿ ಕಾಣುವ ಐಎಂಇಐ ಎರಡೂ ಒಂದೇ ಇದೆಯೇ ನೋಡಿ. ಹಿಂದಿನವರ ಗೂಗಲ್ ಅಥವಾ ಆಪಲ್ ಖಾತೆ ಉಳಿದಿದ್ದರೆ ರೀಸೆಟ್ ನಂತರ ಅದು ಅವರ ಪಾಸ್‌ವರ್ಡನ್ನೇ ಕೇಳುತ್ತದೆ. ಐಫೋನ್ ಆದರೆ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಅದರ ಗರಿಷ್ಠ ಸಾಮರ್ಥ್ಯ ಶೇಕಡಾ ಎಷ್ಟು ಎಂದು ಕಾಣುತ್ತದೆ. 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಹಣ ಕೊಡುವಾಗ, ಪೆಟ್ಟಿಗೆ ತೆರೆಯುವಾಗ

ಮೊದಲ ಸಲದ ವ್ಯಾಪಾರದಲ್ಲಿ, ಸಾಧ್ಯವಿದ್ದರೆ, ಸಾಮಾನು ಬಂದ ಮೇಲೆ ಹಣ ಕೊಡುವ ವ್ಯವಸ್ಥೆ ಆರಿಸಿಕೊಳ್ಳಿ. ಮುಂಗಡ ಕೊಡಬೇಕಾದರೆ ಬಿಲ್‌ನಲ್ಲಿರುವ ಅಂಗಡಿಯ ಹೆಸರಿನ ಖಾತೆಗೇ ಹಾಕಿ. "ತಮ್ಮನ ನಂಬರ್‌ಗೆ ಯುಪಿಐ ಮಾಡಿ" ಎಂದರೆ ನಿಲ್ಲಿಸಿ. ಹಣ ವಾಪಸು ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿದರೆ ಅದು ಹಣ ಕೀಳುವ ಉಪಾಯ.

ಪೆಟ್ಟಿಗೆ ತೆರೆಯುವ ಮೊದಲೇ ಮನೆಯಲ್ಲಿ ಒಬ್ಬರು ವಿಡಿಯೋ ಮಾಡಲಿ. ವಿಳಾಸದ ಚೀಟಿ, ಸೀಲ್, ಸೀರಿಯಲ್ ನಂಬರ್, ಆನ್ ಆಗುವ ಪರದೆ ಎಲ್ಲವೂ ಕತ್ತರಿಸದ ಒಂದೇ ವಿಡಿಯೋದಲ್ಲಿ ಬರಲಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಮಾತುಕತೆ, ಹಣ ಕೊಟ್ಟ ದಾಖಲೆ ಜೋಪಾನವಾಗಿರಲಿ. ಕುರ್‌ಆನ್‌ನ ಅತಿ ದೀರ್ಘವಾದ ಆಯತ್, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇದೆ ಎಂಬುದನ್ನು ಖುತ್ಬಾಗಳಲ್ಲಿ ನಾವು ಕೇಳಿದ್ದೇವೆ. ಮಾರಾಟಕ್ಕೆ ಸಾಕ್ಷಿ ಇರಲಿ ಎಂಬ ಮಾತೂ ಅದರಲ್ಲೇ ಇದೆ. ದಾಖಲೆ ಇಟ್ಟುಕೊಳ್ಳುವುದು ಅಪನಂಬಿಕೆಯಲ್ಲ, ಇಬ್ಬರಿಗೂ ರಕ್ಷಣೆ.

ತೊಂದರೆಯಾದರೆ ಏನು ಮಾಡಬೇಕು?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ಇ-ಕಾಮರ್ಸ್ ನಿಯಮಗಳು ಬಂದಿವೆ. ಸಾಮಾನು ದೋಷದ್ದಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ವಾಪಸು ಪಡೆಯಲು, ಹಣ ಹಿಂತಿರುಗಿಸಲು ವ್ಯಾಪಾರಿ ನಿರಾಕರಿಸುವಂತಿಲ್ಲ. ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆದರೆ ತನ್ನ ಸ್ವಂತ ಹಳೆಯ ಮೊಬೈಲನ್ನು ಒಮ್ಮೆ ಮಾರುವ ವ್ಯಕ್ತಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ವ್ಯಾಪಾರವಾಗಿ ಮಾರುವವರಿಗೆ ಮಾತ್ರ.

ಮೊದಲು ವ್ಯಾಪಾರಿಗೆ ಬರಹದಲ್ಲಿ, ಒರಟು ಮಾತಿಲ್ಲದೆ ದೂರು ಕೊಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ವ್ಯಾಪಾರಿ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಹಣ ಪಡೆದು ಸಾಮಾನೇ ಕಳುಹಿಸದೆ ಮಾಯವಾದರೆ ಅದು ವಂಚನೆ. ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಮಾರುವ ಸಹೋದರರಿಗೆ

ನಮ್ಮ ಎಷ್ಟೋ ಯುವಕರು ಮೊಬೈಲ್ ರಿಪೇರಿ ಕಲಿತು, ಹಳೆಯ ಸಾಧನ ಕೊಂಡು ಸರಿಪಡಿಸಿ ಮಾರುತ್ತಾರೆ. ಇದು ಹಲಾಲ್ ದುಡಿಮೆ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಘಟನೆ ನಮಗೆಲ್ಲ ಗೊತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು. ಬದಲಿಸಿದ ಪರದೆ, ಇಳಿದ ಬ್ಯಾಟರಿ, ಪರೀಕ್ಷಿಸದ ಬೀಗ ಇವೇ ಇಂದಿನ ರಾಶಿಯ ಒಳಗಿನ ತೇವ. ಮುಚ್ಚಿಟ್ಟ ದೋಷ ಕಂಡಾಗ ಕೊಂಡವರಿಗೆ ವಾಪಸು ಕೊಡುವ ಹಕ್ಕನ್ನು ನಮ್ಮ ಫಿಕ್ಹ್ ಕೂಡಾ ಒಪ್ಪುತ್ತದೆ. ದೋಷವನ್ನು ಮೊದಲೇ ಬರೆದು, ಅದಕ್ಕೆ ತಕ್ಕ ಬೆಲೆ ಹೇಳಿ. ಎರಡು ಸಾವಿರ ಕಡಿಮೆ ಬರಬಹುದು, ಗಿರಾಕಿ ಮತ್ತೆ ಬರುತ್ತಾನೆ.

ಇನ್ನು ಆ ಲ್ಯಾಪ್‌ಟಾಪ್‌ನ ಕಥೆ. ನಮ್ಮ ಸಹೋದರರ ಬಳಿ ಬಿಲ್ ಇತ್ತು, "ಯಾವ ಲಾಕೂ ಇಲ್ಲ, ನೇರ ಬಳಸಬಹುದು" ಎಂಬ ವಾಟ್ಸ್ಆಪ್ ಸಂದೇಶವೂ ಇತ್ತು. ಇದು ಇಷ್ಟ ಬದಲಾಗಿ ವಾಪಸು ಕೊಡುವ ಮಾತಲ್ಲ, ಹೇಳಿದಂತೆ ಇಲ್ಲದ ಸಾಮಾನಿನ ಮಾತು ಎಂದು ವಿವರಿಸಿ ಪತ್ರ ಬರೆದೆವು, ನಂತರ 1915ಕ್ಕೆ ದೂರು ಕೊಟ್ಟೆವು. ನಾಲ್ಕನೇ ದಿನ ವ್ಯಾಪಾರಿಯೇ ಫೋನ್ ಮಾಡಿದರು. ಒಂದು ಕಚೇರಿಯಿಂದ ಗುತ್ತಾಗಿ ಕೊಂಡಿದ್ದರಂತೆ, ಇಂಟರ್‌ನೆಟ್ ಹಾಕಿ ಪರೀಕ್ಷಿಸಿರಲಿಲ್ಲವಂತೆ. ಕ್ಷಮೆ ಕೇಳಿ ಬೇರೆಯದನ್ನು ಕಳುಹಿಸಿದರು. ಕಚೇರಿಯಿಂದ ಕೊಂಡ ಬಿಲ್‌ನ ಪ್ರತಿಯನ್ನೂ ಕಳುಹಿಸಲು ಕೇಳಿದ್ದೆವು, ಅದೂ ಬಂತು.

ಹೊಸದಾಗಿ ಬಂದದ್ದನ್ನು ವಿಡಿಯೋ ಮಾಡುತ್ತಾ ತೆರೆದು, ರೀಸೆಟ್ ಮಾಡಿ, ವೈಫೈ ಕೊಟ್ಟು ನೋಡಿದವಳು ಆ ಹುಡುಗಿಯೇ. ಯಾವ ಕಂಪೆನಿಯ ಹೆಸರೂ ಬರಲಿಲ್ಲ. ಮರುದಿನ ಅವಳು ಲ್ಯಾಪ್‌ಟಾಪ್ ಜೊತೆ ಆ ಬಿಲ್‌ನ ಪ್ರತಿಯನ್ನೂ ಬ್ಯಾಗಿಗೆ ಹಾಕಿಕೊಂಡು ಕಾಲೇಜಿಗೆ ಹೋದಳು.